ಎಲ್ಲರೂ ಒಪ್ಪಿದ ಕೆಲಸ ನಾಲ್ಕೇ ಮನೆಯ ಹೆಗಲಿಗೆ ಬೀಳುವುದೇಕೆ?

ಪ್ರಶ್ನೆ: ನಾವು 24 ಮನೆಯವರು ಒಂದೇ ಪಂಪು, ಒಂದೇ ನೀರಿನ ತೊಟ್ಟಿ ಹಂಚಿಕೊಂಡಿದ್ದೇವೆ. ತೊಟ್ಟಿ ತೊಳೆಯುವುದು, ಪಂಪು ನೋಡಿಕೊಳ್ಳುವುದು, ರಿಪೇರಿ ನಿಧಿಗೆ ವಂತಿಗೆ ಕೊಡುವುದು ಎಲ್ಲರ ಜವಾಬ್ದಾರಿ ಎಂದು ಸಭೆಯಲ್ಲಿ ಒಪ್ಪಿದ್ದೆವು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಈಗ ನಾಲ್ಕೈದು ಮನೆಯವರೇ ಮಾಡುತ್ತಿದ್ದೇವೆ, ನೀರು ಮಾತ್ರ ಎಲ್ಲರಿಗೂ ಬೇಕು. ಮನುಷ್ಯ ಹುಟ್ಟಾ ಸ್ವಾರ್ಥಿಯೇ? ದಂಡ ಹಾಕಬೇಕೋ, ಬುದ್ಧಿ ಹೇಳಬೇಕೋ? ಒಬ್ಬೊಬ್ಬರ ಅನುಕೂಲವನ್ನೂ ಗುಂಪಿನ ಹಿತವನ್ನೂ ಸರಿದೂಗಿಸುವುದು ಹೇಗೆ?

ಉತ್ತರ: ನಿಮ್ಮಲ್ಲಿ ಕೆಲಸ ಬಿಟ್ಟ ಇಪ್ಪತ್ತು ಮನೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅವರಲ್ಲಿ ಕೆಲವರು ಮೊದಲಿನಿಂದಲೂ ಮಾಡುವ ಮನಸ್ಸಿಲ್ಲದವರು. ಉಳಿದವರು ಮಾಡುತ್ತಿದ್ದವರೇ. ಪಕ್ಕದ ಮನೆಯವರು ಬಾರದಿರುವುದನ್ನು ನೋಡಿ, ಎರಡು ಸಲ ಸುಮ್ಮನಿದ್ದು, ಮೂರನೆಯ ಸಲ ತಾವೂ ಕೈಬಿಟ್ಟವರು. ಗುಂಪು ಕುಸಿಯುವುದು ಕಳ್ಳಬೀಳುವವರು ಹೆಚ್ಚಾದದ್ದರಿಂದ ಅಲ್ಲ, ಪ್ರಾಮಾಣಿಕರು ಒಬ್ಬೊಬ್ಬರಾಗಿ ಹಿಂದೆ ಸರಿಯುವುದರಿಂದ. ಹಾಗಾಗಿ ನಿಮ್ಮ ನಿಯಮಗಳೆಲ್ಲ ಮೊದಲು ಕಾಯಬೇಕಾದದ್ದು ಈ ಎರಡನೆಯವರನ್ನು.

ಇದು ಊಹೆಯಲ್ಲ. ಅರ್ಥಶಾಸ್ತ್ರಜ್ಞರು ದಶಕಗಳಿಂದ ಒಂದು ಸರಳ ಆಟದಲ್ಲಿ ಇದನ್ನು ಪರೀಕ್ಷಿಸುತ್ತ ಬಂದಿದ್ದಾರೆ. ನಾಲ್ಕು ಜನ, ಪ್ರತಿಯೊಬ್ಬರ ಕೈಯಲ್ಲಿ 20 ಅಂಕ. ಎಷ್ಟು ಬೇಕೋ ಅಷ್ಟನ್ನು ಹುಂಡಿಗೆ ಹಾಕಬಹುದು, ಉಳಿದದ್ದು ಅವರದೇ. ಹುಂಡಿಯ ಮೊತ್ತವನ್ನು 1.6ರಿಂದ ಗುಣಿಸಿ, ಹಾಕಿದವರು ಹಾಕದವರು ಎನ್ನದೆ ನಾಲ್ವರಿಗೂ ಸಮನಾಗಿ ಹಂಚಲಾಗುತ್ತದೆ. ಎಲ್ಲರೂ 20 ಹಾಕಿದರೆ 80 ಇದ್ದದ್ದು 128 ಆಗಿ ತಲಾ 32 ಸಿಗುತ್ತದೆ. ಯಾರೂ ಹಾಕದಿದ್ದರೆ ತಲಾ 20ರಲ್ಲೇ ಆಟ ಮುಗಿಯುತ್ತದೆ. ಒಬ್ಬ ಮಾತ್ರ ಕೈಬಿಗಿ ಹಿಡಿದನೆನ್ನಿ: ಹುಂಡಿಯ 60 ಅಂಕ 96 ಆಗಿ ತಲಾ 24 ಬರುತ್ತದೆ. ಹಾಕಿದ ಮೂವರಿಗೆ 24, ಹಾಕದವನಿಗೆ ತನ್ನ 20 ಸೇರಿ 44. ಇಬ್ಬರು ಹಾಕದಿದ್ದರೆ ಹಾಕಿದ ಇಬ್ಬರಿಗೆ ಬರುವುದು ತಲಾ 16, ಅಂದರೆ ಮನೆಯಲ್ಲಿ ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದ 20ಕ್ಕಿಂತ ಕಡಿಮೆ.

ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ನೀವೇ ಹಾಕಿ ನೋಡಿ. ನಾಲ್ವರಲ್ಲಿ ಒಬ್ಬ ಹಾಕದಿದ್ದರೂ ಉಳಿದ ಮೂವರಿಗೆ ಸಹಕಾರ ಲಾಭವೇ. ಇಬ್ಬರು ಹಾಕದಿದ್ದರೆ ನಷ್ಟ. ಒಬ್ಬನವರೆಗೆ ತಡೆದುಕೊಳ್ಳುವ ವ್ಯವಸ್ಥೆ ಇಬ್ಬರಾದ ಕೂಡಲೇ ಮುರಿಯುತ್ತದೆ. ನಿಮ್ಮ 24 ಮನೆಗಳಿಗೂ ಇಂಥ ಒಂದು ಗಡಿ ಇದೆ. ಪಂಪಿನ ವರ್ಷದ ಖರ್ಚನ್ನು ಎಷ್ಟು ಮನೆಗಳು ಹೊತ್ತರೆ ಒಂದು ಮನೆಗೆ ಬೀಳುವ ಪಾಲು, ಅವರು ಬೇರೆ ಕಡೆಯಿಂದ ನೀರು ತರಿಸಿಕೊಳ್ಳುವ ಖರ್ಚಿಗಿಂತ ಕಡಿಮೆ ಇರುತ್ತದೆ? ಆ ಸಂಖ್ಯೆ 14 ಎಂದಾದರೆ, 13ಕ್ಕೆ ಇಳಿದ ದಿನ ಪ್ರಾಮಾಣಿಕರಿಗೂ ಬಿಟ್ಟುಹೋಗಲು ಕಾರಣ ಸಿಗುತ್ತದೆ. ಸಂಖ್ಯೆ ಎಷ್ಟೆಂದು ನಿಮಗೆ ಮೊದಲೇ ಗೊತ್ತಿರಬೇಕು.

ಆಟಗಾರರು ಈ ಆಟವನ್ನು ಹತ್ತು ಸುತ್ತು ಆಡಿದಾಗ ಏನಾಗುತ್ತದೆ? ಮೊದಲ ಸುತ್ತಿನಲ್ಲಿ ಜನ ತಮ್ಮಲ್ಲಿರುವುದರ ಸುಮಾರು ಅರ್ಧದಷ್ಟು ಹಾಕುತ್ತಾರೆ. ಸುತ್ತು ಕಳೆದಂತೆ ಅದು ಇಳಿಯುತ್ತ ಹೋಗಿ, ಕೊನೆಯ ಹೊತ್ತಿಗೆ ಹುಂಡಿ ಬಹುತೇಕ ಖಾಲಿ. ಮನುಷ್ಯ ಹುಟ್ಟಾ ಸ್ವಾರ್ಥಿ ಎನ್ನುವುದಾದರೆ ಮೊದಲ ಸುತ್ತಿನಲ್ಲೇ ಹುಂಡಿ ಖಾಲಿ ಇರಬೇಕಿತ್ತು. 2001ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಉರ್ಸ್ ಫಿಶ್‌ಬಾಕರ್, ಸೈಮನ್ ಗೆಕ್ಟರ್, ಅರ್ನ್ಸ್ಟ್ ಫೆರ್ ಅವರು, 'ಉಳಿದವರು ಸರಾಸರಿ ಇಷ್ಟು ಹಾಕಿದರೆ ನೀವೆಷ್ಟು ಹಾಕುತ್ತೀರಿ' ಎಂದು ಪ್ರತಿ ಮೊತ್ತಕ್ಕೂ ಬೇರೆಬೇರೆಯಾಗಿ ಕೇಳಿದರು. ಅರ್ಧದಷ್ಟು ಜನ ಉಳಿದವರು ಹೆಚ್ಚು ಹಾಕಿದಂತೆ ತಾವೂ ಹೆಚ್ಚು ಹಾಕುವವರು. ಮೂರನೆಯ ಒಂದು ಭಾಗದಷ್ಟು ಜನ ಏನಾದರೂ ಸರಿ, ಸೊನ್ನೆ ಹಾಕುವವರು. ಇಲ್ಲೊಂದು ಸೂಕ್ಷ್ಮವಿದೆ: 'ನೀವು ಮಾಡಿದರೆ ನಾನೂ ಮಾಡುತ್ತೇನೆ' ಎನ್ನುವ ಆ ಅರ್ಧದಷ್ಟು ಜನವೂ ಉಳಿದವರಿಗೆ ಸರಿಸಮನಾಗಿ ಹಾಕುವುದಿಲ್ಲ, ಕೊಂಚ ಕಡಿಮೆ ಹಾಕುತ್ತಾರೆ. ಹತ್ತು ಹಾಕಿದರೆ ಎಂಟು, ಎಂಟಾದರೆ ಆರು ಎಂಬ ಹಾಗೆ. ಕೆಟ್ಟವರು ಯಾರೂ ಇಲ್ಲದ ಗುಂಪೂ ತಾನಾಗಿ ಜಾರಲು ಇಷ್ಟೇ ಸಾಕು. ನಿಮ್ಮ ಎರಡು ತಿಂಗಳ ಕಥೆಯನ್ನು ಈ ಬೆಳಕಿನಲ್ಲಿ ನೋಡಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ.

ಈಗ ನಿಮ್ಮ ಎರಡು ಮದ್ದುಗಳಿಗೆ ಬರೋಣ.

ಬುದ್ಧಿ ಹೇಳುವುದರಲ್ಲಿ ಒಂದು ಅಪಾಯವಿದೆ. ಸಭೆ ಕರೆದು 'ಯಾರೂ ಬರುತ್ತಿಲ್ಲ, ಯಾರಿಗೂ ಜವಾಬ್ದಾರಿ ಇಲ್ಲ' ಎಂದು ಸಿಟ್ಟಿನಿಂದ ಹೇಳಿದರೆ, ಕೇಳಿಸಿಕೊಂಡವರಿಗೆ ಉಳಿಯುವ ಮಾತು 'ಯಾರೂ ಬರುತ್ತಿಲ್ಲ' ಎಂಬುದೊಂದೇ. ನಡುವೆ ತೂಗಾಡುತ್ತಿದ್ದವರಿಗೆ ನೀವೇ ಬಿಡಲು ಅಪ್ಪಣೆ ಕೊಟ್ಟಂತಾಯಿತು. ಬಂದವರ ಹೆಸರು ಹೇಳಿ, ಬಾರದವರ ಸಂಖ್ಯೆಯನ್ನು ಸಾರಬೇಡಿ. ಆದರೆ ಮಾತಾಡುವುದೇ ವ್ಯರ್ಥ ಎಂದಲ್ಲ. ಎಲಿನೋರ್ ಆಸ್ಟ್ರಮ್, ಜೇಮ್ಸ್ ವಾಕರ್, ರಾಯ್ ಗಾರ್ಡ್ನರ್ 1992ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದಂಡ ವಿಧಿಸುವ ಅಧಿಕಾರ ಯಾರಿಗೂ ಇಲ್ಲದಿದ್ದರೂ, ಮುಖಾಮುಖಿ ಕೂತು ಪದೇ ಪದೇ ಮಾತಾಡಲು ಅವಕಾಶ ಸಿಕ್ಕ ಗುಂಪುಗಳು ಸಿಗದ ಗುಂಪುಗಳಿಗಿಂತ ಎಷ್ಟೋ ಚೆನ್ನಾಗಿ ಹಂಚಿಕೊಂಡ ಸೊತ್ತನ್ನು ನಿಭಾಯಿಸಿದವು. ಕೆಲಸ ಮಾಡುವುದು ಉಪದೇಶವಲ್ಲ, ಒಬ್ಬರಿಗೊಬ್ಬರು ಎದುರೆದುರು ಕೊಟ್ಟ ಮಾತು. ಒಂದು ಸಲದ ಮಾತಿಗಿಂತ ಆಗಾಗ ನವೀಕರಿಸಿದ ಮಾತಿಗೆ ಬಲ ಹೆಚ್ಚು.

ದಂಡದ ವಿಷಯ ಇನ್ನೂ ಸೂಕ್ಷ್ಮ. ಮೇಲಿನ ಆಟಕ್ಕೇ ಒಂದು ನಿಯಮ ಸೇರಿಸಿ: ಒಬ್ಬ ತನ್ನ 1 ಅಂಕ ಖರ್ಚು ಮಾಡಿದರೆ ಇನ್ನೊಬ್ಬನ 3 ಅಂಕ ಕಳೆಯಬಹುದು. 44 ಗಳಿಸಿದವನ ಮೇಲೆ ಮೂವರೂ ತಲಾ 3 ಅಂಕ ಖರ್ಚು ಮಾಡಿದರೆ ಅವನಿಂದ 27 ಹೋಗಿ 17 ಉಳಿಯುತ್ತದೆ, ಮೂವರಿಗೆ 24ರಲ್ಲಿ 3 ಹೋಗಿ 21. ಕಳ್ಳಬೀಳುವುದು ಈಗ ಲಾಭವಲ್ಲ. ಫೆರ್ ಮತ್ತು ಗೆಕ್ಟರ್ 2002ರಲ್ಲಿ ತೋರಿಸಿದ್ದು ಇದನ್ನೇ: ಇಂಥ ಅವಕಾಶ ಸಿಕ್ಕಾಗ, ಆ ವ್ಯಕ್ತಿಯನ್ನು ಮತ್ತೆಂದೂ ಎದುರುಗೊಳ್ಳುವುದಿಲ್ಲ ಎಂದು ಗೊತ್ತಿದ್ದರೂ, ಜನ ಕೈಯಿಂದ ಖರ್ಚು ಮಾಡಿ ಶಿಕ್ಷಿಸಿದರು, ವಂತಿಗೆ ಏರಿತು. ಆದರೆ 2008ರಲ್ಲಿ ಬೇರೆ ಬೇರೆ ದೇಶಗಳ 16 ನಗರಗಳಲ್ಲಿ ಇದೇ ಆಟ ಆಡಿಸಿದಾಗ ಇನ್ನೊಂದು ಮುಖ ಕಂಡಿತು. ಕೆಲವು ಕಡೆ ಶಿಕ್ಷೆಗೆ ಒಳಗಾದವರು ತಿರುಗಿ, ಚೆನ್ನಾಗಿ ವಂತಿಗೆ ಹಾಕಿದವರನ್ನೇ ಶಿಕ್ಷಿಸತೊಡಗಿದರು. ಅಂಥ ಕಡೆ ದಂಡದಿಂದ ಸಹಕಾರ ಏರಲಿಲ್ಲ. ಒಬ್ಬರು ಇನ್ನೊಬ್ಬರನ್ನು ನೇರವಾಗಿ ದಂಡಿಸುವ ವ್ಯವಸ್ಥೆ ಸೇಡಿಗೆ ತಿರುಗುವುದು ಸುಲಭ. ಆದ್ದರಿಂದ ದಂಡ ವ್ಯಕ್ತಿಯ ಕೈಯಲ್ಲಿರಬಾರದು. ಮೊದಲೇ ಬರೆದಿಟ್ಟ ನಿಯಮದ ಕೈಯಲ್ಲಿರಬೇಕು.

ಹಣದ ದಂಡದ ಬಗ್ಗೆ ಇನ್ನೂ ಒಂದು ಎಚ್ಚರಿಕೆ. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಉರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 20 ವಾರ ಒಂದು ಅಧ್ಯಯನ ನಡೆಸಿದರು. ಮಕ್ಕಳನ್ನು ಕರೆದೊಯ್ಯಲು ಪೋಷಕರು ತಡವಾಗಿ ಬರುವುದು ಸಮಸ್ಯೆ. ಆರು ಕಡೆ, 10 ನಿಮಿಷಕ್ಕಿಂತ ತಡವಾದರೆ 10 ಶೆಕೆಲ್ ದಂಡ ಎಂದು ನಿಯಮ ಮಾಡಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ದಂಡ ತೆಗೆದುಹಾಕಿದ ಮೇಲೂ ಹಳೆಯ ಸ್ಥಿತಿ ಮರಳಲಿಲ್ಲ. ಅಲ್ಲಿಯವರೆಗೆ 'ಪಾಪ, ಟೀಚರು ಕಾಯುತ್ತಿರುತ್ತಾರೆ' ಎಂಬ ಸಂಕೋಚ ಇತ್ತು. ದಂಡ ಬಂದ ಮೇಲೆ ತಡಮಾಡುವುದಕ್ಕೂ ಒಂದು ಬೆಲೆ ಇದೆ, ಕೊಟ್ಟರಾಯಿತು ಎಂಬಂತಾಯಿತು. ಚಿಕ್ಕ ದಂಡ ದಂಡವಾಗಿ ಉಳಿಯದೆ ಶುಲ್ಕವಾಗುತ್ತದೆ. ತೊಟ್ಟಿ ತೊಳೆಯಲು ಬಾರದವರಿಗೆ ಅಲ್ಪ ಮೊತ್ತ ಕಟ್ಟಿಸಿಕೊಂಡರೆ, ಅನುಕೂಲವಿದ್ದವರೆಲ್ಲ ಹಣ ಕೊಟ್ಟು ತಪ್ಪಿಸಿಕೊಳ್ಳುತ್ತಾರೆ, ಕೈಲಾಗದವರು ಮಾತ್ರ ಪೊರಕೆ ಹಿಡಿಯುತ್ತಾರೆ. ಆ ಅಸಮಾಧಾನ ನೀರಿನ ತೊಟ್ಟಿಗಷ್ಟೇ ನಿಲ್ಲುವುದಿಲ್ಲ.

ಹಾಗಾದರೆ ಶತಮಾನಗಳ ಕಾಲ ಹಂಚಿ ಬಾಳಿದವರು ಏನು ಮಾಡಿದರು? 1968ರಲ್ಲಿ ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್, ಎಲ್ಲರಿಗೂ ತೆರೆದಿಟ್ಟ ಹುಲ್ಲುಗಾವಲು ನಾಶವಾಗಿಯೇ ತೀರುತ್ತದೆ ಎಂದು ವಾದಿಸಿದ್ದರು. ಒಂದು ಹಸು ಹೆಚ್ಚಿಗೆ ಬಿಟ್ಟರೆ ಲಾಭ ಪೂರಾ ನನಗೆ, ಹುಲ್ಲು ಸವೆದ ನಷ್ಟ ಎಲ್ಲರಿಗೂ ಹಂಚಿಕೆ, ಹಾಗಾಗಿ ಎಲ್ಲರೂ ಬಿಡುತ್ತಾರೆ ಎಂಬುದು ಅವರ ತರ್ಕ. ಆಸ್ಟ್ರಮ್ ಅವರು ಇದನ್ನು ಕುರ್ಚಿಯಲ್ಲಿ ಕೂತು ಅಲ್ಲಗಳೆಯಲಿಲ್ಲ. ಹುಲ್ಲುಗಾವಲು, ಕಾಲುವೆ, ಕಾಡು, ಮೀನುಗಾರಿಕೆಗಳ ನಿಜವಾದ ದಾಖಲೆಗಳನ್ನು ಕಲೆಹಾಕಿ, ಉಳಿದವು ಯಾಕೆ ಉಳಿದವು, ಹಾಳಾದವು ಯಾಕೆ ಹಾಳಾದವು ಎಂದು ಹೋಲಿಸಿದರು. 2009ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಆ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರು. ಯಜಮಾನರಿಲ್ಲದ ಬಯಲು ಬೇರೆ, ನಿಯಮವಿರುವ ಸಾಮೂಹಿಕ ಸೊತ್ತು ಬೇರೆ ಎಂಬುದು ಅವರ ಕೆಲಸದಿಂದ ಸ್ಪಷ್ಟವಾಯಿತು. ಹಾರ್ಡಿನ್ ಕೂಡ ಮುಂದೆ, ತಾವು ಹೇಳಿದ್ದು ನಿರ್ವಹಣೆಯೇ ಇಲ್ಲದ ಸೊತ್ತಿನ ಬಗ್ಗೆ ಎಂದು ತಿದ್ದಿಕೊಂಡರು.

ಆಸ್ಟ್ರಮ್ ಕಲೆಹಾಕಿದ ಉದಾಹರಣೆಗಳಲ್ಲಿ ಎರಡನ್ನು ಹತ್ತಿರದಿಂದ ನೋಡಬೇಕು. ಸ್ವಿಟ್ಜರ್‌ಲೆಂಡಿನ ಟೋರ್ಬೆಲ್ ಎಂಬ ಪರ್ವತಗ್ರಾಮದಲ್ಲಿ 1517ರ ಒಂದು ನಿಯಮವಿದೆ: ಚಳಿಗಾಲದಲ್ಲಿ ತನ್ನ ಕೊಟ್ಟಿಗೆಯ ಮೇವಿನಿಂದ ಎಷ್ಟು ಹಸು ಸಾಕಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಸಾಮೂಹಿಕ ಹುಲ್ಲುಗಾವಲಿಗೆ ಬಿಡಬಹುದು. ಇದರ ಜಾಣತನ ಗಮನಿಸಿ. ಹೊರಗಿನಿಂದ ಹಸು ಕೊಂಡುತಂದು ಬೇಸಿಗೆಯ ಬಿಟ್ಟಿ ಹುಲ್ಲು ಮೇಯಿಸುವ ದಾರಿ ಮುಚ್ಚಿತು. ಪಾಲು ಎಷ್ಟೆಂದು ಅಳೆಯಲು ಅಧಿಕಾರಿ ಬೇಕಿಲ್ಲ, ಚಳಿಗಾಲದಲ್ಲಿ ಕೊಟ್ಟಿಗೆ ಎಣಿಸಿದರೆ ಸಾಕು. ಹೆಚ್ಚು ಬೇಕೆಂದವನು ಹೆಚ್ಚು ಮೇವು ಬೆಳೆಯಬೇಕು, ಅಂದರೆ ಅವನ ಸ್ವಂತ ದುಡಿಮೆಯೇ ಅವನ ಹಕ್ಕಿನ ಅಳತೆಗೋಲು.

ಎರಡನೆಯದು ಟರ್ಕಿಯ ಅಲಾನ್ಯ ಕರಾವಳಿಯ ಮೀನುಗಾರರದು. ಒಳ್ಳೆಯ ಜಾಗಗಳಿಗಾಗಿ ಜಗಳವಾಗುತ್ತಿತ್ತು. 1970ರ ದಶಕದಲ್ಲಿ ಅವರು ರೂಪಿಸಿಕೊಂಡ ವ್ಯವಸ್ಥೆಯಲ್ಲಿ, ಬಲೆ ಹಾಕುವ ಎಲ್ಲ ಜಾಗಗಳಿಗೂ ಹೆಸರಿಟ್ಟು, ಒಂದರ ಬಲೆ ಇನ್ನೊಂದರ ಮೀನನ್ನು ತಡೆಯದಷ್ಟು ಅಂತರ ಇಟ್ಟು, ಸೆಪ್ಟೆಂಬರಿನಲ್ಲಿ ಚೀಟಿ ಎತ್ತುತ್ತಿದ್ದರು. ಜನವರಿಯವರೆಗೆ ಪ್ರತಿಯೊಬ್ಬರೂ ದಿನಕ್ಕೊಂದು ಜಾಗದಂತೆ ಪೂರ್ವಕ್ಕೆ ಸರಿಯುತ್ತಿದ್ದರು, ಆಮೇಲೆ ಮೇ ತನಕ ಪಶ್ಚಿಮಕ್ಕೆ. ವಲಸೆ ಮೀನು ಯಾವ ಕಡೆಯಿಂದ ಬಂದರೂ ಎಲ್ಲರಿಗೂ ಸಮಾನ ಅವಕಾಶ. ಕಾವಲುಗಾರ ಬೇಕಿರಲೇ ಇಲ್ಲ. ಒಳ್ಳೆಯ ಜಾಗದ ಸರದಿ ಬಂದವನು ಅಂದು ಬೆಳಗಾಗುವ ಮೊದಲೇ ಅಲ್ಲಿರುತ್ತಿದ್ದ. ಬೇರೆಯವನು ನುಗ್ಗಿದರೆ ಮೊದಲು ಗೊತ್ತಾಗುವುದು ಅವನಿಗೆ, ನಷ್ಟವಾಗುವುದೂ ಅವನಿಗೇ. ಉಳಿದವರೂ ಅವನ ಪರ ನಿಲ್ಲುತ್ತಿದ್ದರು, ನಾಳೆ ತಮ್ಮ ಸರದಿಯೂ ಬರಬೇಕಲ್ಲ.

ಸ್ವಾರ್ಥವನ್ನು ಬಿಡಿ ಎಂದು ಈ ಜನ ಯಾರಿಗೂ ಹೇಳಲಿಲ್ಲ. ಸ್ವಾರ್ಥವನ್ನೇ ಕಾವಲಿಗೆ ಕೂರಿಸಿದರು. ನೀವು ಮಾಡಬೇಕಾದದ್ದೂ ಅದೇ.

24 ಮನೆಗಳನ್ನು ನಾಲ್ಕು ನಾಲ್ಕರ ಆರು ತಂಡ ಮಾಡಿ. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಶ್ರಮ ಇಳಿಯುವುದು ಫ್ರಾನ್ಸಿನ ಮ್ಯಾಕ್ಸ್ ರಿಂಗೆಲ್‌ಮನ್ ಅವರ ಹಗ್ಗ ಎಳೆಯುವ ಪ್ರಯೋಗಗಳ ಕಾಲದಿಂದ ಗೊತ್ತಿರುವ ಸಂಗತಿ. 1974ರಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಕಣ್ಣುಕಟ್ಟಿ, ಹಿಂದೆ ಬೇರೆಯವರೂ ಎಳೆಯುತ್ತಿದ್ದಾರೆ ಎಂದು ನಂಬಿಸಿ ಒಬ್ಬರಿಂದಲೇ ಎಳೆಸಿದಾಗಲೂ ಅವರ ಬಲ ಕುಗ್ಗಿತು. ತಾಳಮೇಳ ತಪ್ಪಿ ಹಾಗಾಯಿತೆನ್ನಲು ಅಲ್ಲಿ ಇನ್ನೊಬ್ಬರು ಎಳೆಯುತ್ತಲೇ ಇರಲಿಲ್ಲ. ನಾಲ್ಕು ಮನೆಗಳಲ್ಲಿ ಯಾರು ಬರಲಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ, 24ರಲ್ಲಿ ಕಾಣುವುದಿಲ್ಲ.

ಒಂದು ತಂಡಕ್ಕೆ ಒಂದು ವಾರ. ವರ್ಷಕ್ಕೆ ಒಂದು ಮನೆಗೆ ಎಂಟೋ ಒಂಬತ್ತೋ ವಾರ ಬರುತ್ತದೆ. 'ಆಗಾಗ ಎಲ್ಲರೂ ಸೇರಿ' ಎನ್ನುವುದಕ್ಕಿಂತ ಈ ಸಂಖ್ಯೆ ಮೇಲು, ಏಕೆಂದರೆ ಹೊರೆಗೆ ಒಂದು ಮಿತಿ ಇದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಪಂಪಿನ ಪಕ್ಕದಲ್ಲೇ ಒಂದು ರಿಜಿಸ್ಟರ್ ಇಡಿ. ವಾರದ ಕೊನೆಗೆ ಮುಂದಿನ ತಂಡ ಬಂದು ಮೂರು ವಿಷಯ ನೋಡುತ್ತದೆ: ತೊಟ್ಟಿಯ ತಳ ಕಾಣುವಷ್ಟು ನೀರು ತಿಳಿಯಾಗಿದೆಯೇ, ವಾಲ್ವುಗಳಲ್ಲಿ ಸೋರಿಕೆ ಇದೆಯೇ, ಪಂಪಿನ ಮೀಟರ್ ಅಂಕಿ ಬರೆದಿದೆಯೇ. ಸರಿಯಿದ್ದರೆ ಸಹಿ ಹಾಕಿ ಕೀಲಿಕೈ ತೆಗೆದುಕೊಳ್ಳುತ್ತದೆ. ಸರಿಯಿಲ್ಲದಿದ್ದರೆ ತೆಗೆದುಕೊಳ್ಳುವುದಿಲ್ಲ, ಹಿಂದಿನ ತಂಡದ ವಾರ ಮುಂದುವರಿಯುತ್ತದೆ. ಕೊಳೆ ತುಂಬಿದ ತೊಟ್ಟಿಯನ್ನು ಸುಮ್ಮನೆ ವಹಿಸಿಕೊಂಡರೆ ತೊಳೆಯಬೇಕಾದವರು ತಾವೇ. ಆದ್ದರಿಂದ ತಪಾಸಣೆಗೆ ಯಾರನ್ನೂ ಒತ್ತಾಯಿಸಬೇಕಿಲ್ಲ. ಅಲಾನ್ಯದ ಬೆಳಗಿನ ದೋಣಿ ಇಲ್ಲಿ ಈ ರಿಜಿಸ್ಟರು. ಮುಲಾಜಿಗೆ ಬಿದ್ದು ಸಹಿ ಹಾಕುವುದೇ ಇಲ್ಲಿ ಆಗುವ ಮುಖ್ಯ ತಪ್ಪು. ನಂಟರು, ಗೆಳೆಯರು ಇರುವ ಎರಡು ತಂಡಗಳನ್ನು ಒಂದರ ಹಿಂದೊಂದು ಇಡಬೇಡಿ.

ವಂತಿಗೆಯನ್ನು ಎರಡಾಗಿ ಒಡೆಯಿರಿ. ಪಂಪು ಕೆಟ್ಟರೆ ಎಲ್ಲರಿಗೂ ನೀರಿಲ್ಲ, ಆದ್ದರಿಂದ ರಿಪೇರಿ ನಿಧಿಗೆ ಎಲ್ಲರೂ ಸಮನಾಗಿ ಕೊಡಲಿ. ವಿದ್ಯುತ್ ಖರ್ಚು ಬಳಕೆಗೆ ತಕ್ಕಂತೆ ಇರಲಿ. ಪೂರ್ತಿ ಸಮಪಾಲು ಮಾಡಿದರೆ ಇಬ್ಬರಿರುವ ಮನೆ ಎಂಟು ಜನರ ಮನೆಯ ನೀರಿಗೆ ಹಣ ಕೊಟ್ಟಂತಾಗುತ್ತದೆ, ಮೊದಲು ಮುನಿಸಿಕೊಳ್ಳುವವರು ಅವರೇ. ವಯಸ್ಸಾದವರು, ಕಾಯಿಲೆಯವರು ಇರುವ ಮನೆಗೆ ತೊಟ್ಟಿ ತೊಳೆಯುವ ಬದಲು ಲೆಕ್ಕ ಬರೆಯುವ, ಫೋನ್ ಮಾಡಿ ಸರದಿ ನೆನಪಿಸುವ ಕೆಲಸ ಕೊಡಿ. ಇದನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ ಕೊಡಬೇಕು. ಗುಟ್ಟಾಗಿ ಕೊಟ್ಟ ರಿಯಾಯಿತಿ ಹೊರಗಿನವರ ಕಣ್ಣಿಗೆ ಪಕ್ಷಪಾತವಾಗಿಯೇ ಕಾಣುತ್ತದೆ.

ತಪ್ಪಿದವರಿಗೆ ಕ್ರಮ ಮೆಟ್ಟಿಲು ಮೆಟ್ಟಿಲಾಗಿ ಇರಲಿ. ಮೊದಲ ಸಲ ಅದೇ ತಂಡದವರೊಬ್ಬರು ಖಾಸಗಿಯಾಗಿ ಕೇಳಲಿ. ಎಷ್ಟೋ ಸಲ ಕಾರಣ ಸಾಚಾ ಇರುತ್ತದೆ. ಎರಡನೆಯ ಸಲ ರಿಜಿಸ್ಟರಿನಲ್ಲಿ ಬರೆದು, ತಪ್ಪಿದ ಸರದಿಯ ಜೊತೆ ಇನ್ನೊಂದು ಸರದಿ. ಹಣವಲ್ಲ, ಕೆಲಸಕ್ಕೆ ಕೆಲಸವೇ ದಂಡ. ಮೂರನೆಯ ಸಲ ಎಲ್ಲ ತಂಡಗಳಿಂದ ಒಬ್ಬೊಬ್ಬರು ಕೂತು ವಿಚಾರಿಸಲಿ. ಕುಡಿಯುವ ನೀರನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಮೊದಲನೆಯದಾಗಿ ಅದು ಅನ್ಯಾಯ, ಎರಡನೆಯದಾಗಿ ಅಷ್ಟು ಕಠಿಣವಾದ ಶಿಕ್ಷೆಯನ್ನು ಜಾರಿ ಮಾಡಲು ಯಾರಿಗೂ ಮನಸ್ಸು ಬರುವುದಿಲ್ಲ, ಜಾರಿಯಾಗದ ನಿಯಮ ಉಳಿದ ನಿಯಮಗಳ ಬೆಲೆಯನ್ನೂ ಕಳೆಯುತ್ತದೆ. ಗಾಡಿ ತೊಳೆಯಲು, ತೋಟಕ್ಕೆ ಹಾಯಿಸಲು ಕೊಡುವ ಹೆಚ್ಚುವರಿ ನೀರನ್ನು ನಿಲ್ಲಿಸಬಹುದು. ಬಾಕಿ ತೀರಿಸಿದ ದಿನ ಆ ಪುಟಕ್ಕೆ ಗೆರೆ ಎಳೆದು ಮುಗಿಸಿ, ಮತ್ತೆ ಎತ್ತಬೇಡಿ.

ಕ್ಷಮೆಗೂ ಲೆಕ್ಕ ಇದೆ. 1980ರ ಸುಮಾರಿಗೆ ರಾಬರ್ಟ್ ಆಕ್ಸೆಲ್‌ರಾಡ್ ನಡೆಸಿದ, ಸಹಕರಿಸಬೇಕೋ ಕೈಕೊಡಬೇಕೋ ಎಂದು ಇಬ್ಬರು ಸುತ್ತು ಸುತ್ತಿಗೂ ನಿರ್ಧರಿಸುವ ಆಟದ ಕಂಪ್ಯೂಟರ್ ಪಂದ್ಯಗಳಲ್ಲಿ ಗೆದ್ದದ್ದು ಅನಟೋಲ್ ರಾಪಪೋರ್ಟ್ ಕಳಿಸಿದ ಅತಿ ಚಿಕ್ಕ ಕ್ರಮವಿಧಿ: ಮೊದಲು ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ಆದರೆ ಆಕಸ್ಮಿಕ ತಪ್ಪುಗಳಾಗುವ ಕಡೆ ಇದು ಸೋಲುತ್ತದೆ. ಒಮ್ಮೆ ಕೈತಪ್ಪಿ ಆದದ್ದಕ್ಕೆ ಅವನು, ಅವನದಕ್ಕೆ ಇವನು ಎಂದು ಸೇಡು ನಿಲ್ಲುವುದೇ ಇಲ್ಲ. ಮಾರ್ಟಿನ್ ನೊವಾಕ್ ಮತ್ತು ಕಾರ್ಲ್ ಸಿಗ್ಮಂಡ್ 1992ರಲ್ಲಿ ತೋರಿಸಿದಂತೆ, ಆ ಪಂದ್ಯದ ಅಂಕಗಳ ಪ್ರಕಾರ ಮೂರು ತಪ್ಪಿಗೆ ಒಂದರಂತೆ ಕ್ಷಮಿಸುವವನು ಇಲ್ಲಿ ಉಳಿಯುತ್ತಾನೆ. ಮೊದಲ ಮೆಟ್ಟಿಲನ್ನು ಮೃದುವಾಗಿಡಿ ಎಂದದ್ದು ಬರೀ ದಾಕ್ಷಿಣ್ಯದಿಂದಲ್ಲ.

ತಕರಾರು ಬಗೆಹರಿಸಲು ಒಂದು ನಿಗದಿತ ದಿನ, ಜಾಗ ಇರಲಿ. ಸ್ಪೇನಿನ ವೆಲೆನ್ಸಿಯದಲ್ಲಿ ಕಾಲುವೆ ನೀರಿನ ನ್ಯಾಯಮಂಡಳಿ ಪ್ರತಿ ಗುರುವಾರ ಮಧ್ಯಾಹ್ನ ಚರ್ಚಿನ ಬಾಗಿಲ ಬಳಿ, ಎಲ್ಲರೆದುರು ಸೇರುತ್ತದೆ. ರೈತರೇ ಆರಿಸಿದ ರೈತರು, ವಕೀಲರಿಲ್ಲ, ಎಲ್ಲವೂ ಬಾಯಿಮಾತಿನಲ್ಲಿ, ತೀರ್ಪು ಅಲ್ಲೇ. ಜಗಳಗಳು ಬಹುಕಾಲ ಕೊಳೆಯುವುದಿಲ್ಲ. ನಿಮಗೆ ತಿಂಗಳಿಗೊಂದು ಸಂಜೆ, ಅರ್ಧ ಗಂಟೆ ಸಾಕು. ಆ ದಿನ ವಿಷಯವಿಲ್ಲದಿದ್ದರೂ ಸೇರಿ. ಮತ್ತು ಮುಂದಾಳುಗಳ ಸರದಿ ಮೊದಲ ವಾರವೇ ಬರಲಿ, ರಿಜಿಸ್ಟರಿನ ಮೊದಲ ಸಹಿ ಅವರದಾಗಿರಲಿ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ ಎಂಬ ಒಂದು ಅನುಮಾನ ಹುಟ್ಟಿದರೆ ಮೇಲೆ ಹೇಳಿದ ಯಾವ ಏರ್ಪಾಡೂ ನಿಲ್ಲದು.

ಇನ್ನೊಂದು ಬದಿಯನ್ನೂ ಹೇಳಬೇಕು, ಏಕೆಂದರೆ ಗುಂಪಿನ ಹಿತ ಎಂಬ ಹೆಸರಿನಲ್ಲಿ ಒಬ್ಬೊಬ್ಬರನ್ನು ಹಿಂಡುವುದೂ ಅಷ್ಟೇ ನಡೆಯುತ್ತದೆ. ಗುಂಪಿನ ಅಧಿಕಾರ ಎಲ್ಲಿಯವರೆಗೆ? ಒಬ್ಬರ ನಡೆಯ ಪರಿಣಾಮ ಉಳಿದವರ ಮೇಲೆ ಬೀಳುವಲ್ಲಿಯವರೆಗೆ ಮಾತ್ರ. ಹಂಚಿಕೊಂಡ ತೊಟ್ಟಿಯ ಬಗ್ಗೆ ನಿಯಮ ಮಾಡಬಹುದು. ಮನೆಯೊಳಗೆ ತಮ್ಮ ಪಾಲಿನ ನೀರನ್ನು ಯಾವುದಕ್ಕೆ ಬಳಸುತ್ತಾರೆ, ಮನೆಗೆ ಯಾರು ಬರುತ್ತಾರೆ ಎಂಬುದು ಸಮಿತಿಯ ವಿಷಯವಲ್ಲ. ಒಂದು ಕೆಲಸಕ್ಕೆ ಕಟ್ಟಿದ ಒಗ್ಗಟ್ಟು ಬೇರೆಲ್ಲದಕ್ಕೂ ಕೈಚಾಚಿದಾಗ ಜನ ಆ ಮೊದಲ ಕೆಲಸದಿಂದಲೂ ದೂರವಾಗುತ್ತಾರೆ. ನಿಯಮಕ್ಕೆ ಒಳಪಡುವ ಪ್ರತಿ ಮನೆಗೂ ಅದನ್ನು ಬದಲಿಸುವಲ್ಲಿ ಒಂದು ಮತ ಇರಲಿ, ಬಿಟ್ಟುಹೋಗಲು ಒಂದು ದಾರಿಯೂ ಇರಲಿ: ಇಷ್ಟು ದಿನ ಮೊದಲೇ ತಿಳಿಸಿ, ಬಾಕಿ ತೀರಿಸಿ, ನಿಧಿಯಲ್ಲಿ ತಮ್ಮ ಪಾಲು ವಾಪಸ್ ಪಡೆದು. ಬಾಗಿಲು ತೆರೆದಿದೆ ಎಂದು ಗೊತ್ತಿದ್ದವರು ಒಳಗೆ ನೆಮ್ಮದಿಯಾಗಿರುತ್ತಾರೆ.

ಇಷ್ಟೆಲ್ಲ ಮಾಡಿದರೂ 24ರಲ್ಲಿ ಎರಡು ಮೂರು ಮನೆಯವರು ಬಗ್ಗದೇ ಇರಬಹುದು. ಅವರ ಬೆನ್ನು ಹತ್ತಿ ನಿಮ್ಮ ಶಕ್ತಿಯೆಲ್ಲ ಕಳೆಯಬೇಡಿ. ಗಡಿ ಸಂಖ್ಯೆ 14 ಆಗಿದ್ದು 21 ಮನೆ ನಡೆಸುತ್ತಿದ್ದರೆ ವ್ಯವಸ್ಥೆ ಗಟ್ಟಿಯಾಗಿದೆ. ಅವರ ಹೆಸರಿನ ಮುಂದಿನ ಖಾಲಿ ಜಾಗ ರಿಜಿಸ್ಟರಿನಲ್ಲಿ ಎಲ್ಲರಿಗೂ ಕಾಣುತ್ತಿರಲಿ, ಅಷ್ಟು ಸಾಕು.

ಶುರು ಹೇಗೆ? ಎಲ್ಲರ ಸಭೆ ಈಗಲೇ ಕರೆಯಬೇಡಿ, ಹೋದ ಸಲದ ಕಹಿ ಇನ್ನೂ ಆರಿಲ್ಲ. ಒಂದು ಹಾಳೆಯಲ್ಲಿ ನಿಯಮಗಳನ್ನು ಬರೆದು, ಕೆಳಗೆ ಹೀಗೆ ಸೇರಿಸಿ: '18 ಮನೆಗಳು ಸಹಿ ಹಾಕಿದ ಮೇಲೆ ಮಾತ್ರ ಇದು ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಸಹಿ ಹಾಕಿದವರಿಗೂ ಯಾವ ಹೊಣೆ ಇಲ್ಲ.' 'ಬೇರೆಯವರು ಮಾಡದಿದ್ದರೆ ನಾನೊಬ್ಬನೇ ಸಿಕ್ಕಿಬೀಳುತ್ತೇನೆ' ಎಂಬ ಭಯ ಈ ಎರಡು ವಾಕ್ಯದಿಂದ ಹೋಗುತ್ತದೆ, ಅರ್ಧದಷ್ಟು ಜನರನ್ನು ತಡೆದು ನಿಲ್ಲಿಸಿರುವುದು ಆ ಭಯವೇ. ಈಗ ದುಡಿಯುತ್ತಿರುವ ನಾಲ್ಕೈದು ಮನೆಯವರು ಮೊದಲು ಸಹಿ ಹಾಕಿ, ಉಳಿದ ಮನೆಗಳಿಗೆ ಇಬ್ಬರಿಬ್ಬರಾಗಿ ಹೋಗಿ. ಹಿಂದೆ ಮಾಡುತ್ತಿದ್ದು ಆಮೇಲೆ ಬಿಟ್ಟವರ ಮನೆಗೆ ಮೊದಲು, ಎಂದೂ ಬಾರದವರ ಮನೆಗೆ ಕೊನೆಯಲ್ಲಿ. ಹದಿನೆಂಟನೆಯ ಸಹಿ ಬಿದ್ದ ವಾರವೇ ಮೊದಲ ತಂಡಕ್ಕೆ ಕೀಲಿಕೈ ಕೊಡಿ, ತಡಮಾಡಬೇಡಿ.